ಚಕ್ಕೋತದ ಪೆಟ್ಟಿಗೆ

ಸೆಪ್ಟೆಂಬರ್ ೬, ಗುರುವಾರ

ಪ್ರೀತಿಯ ಕಡ್ಡಿ,

ಈ ಕಾಗದವನ್ನು ಪೆಟ್ಟಿಗೆಯ ತಳದಲ್ಲಿ, ಹುಲ್ಲಿನ ಕೆಳಗೆ ಇಟ್ಟಿದ್ದೇನೆ. ಮೇಲಿಟ್ಟರೆ ಬಸ್ಸಿನ ಕಂಡಕ್ಟರ್ ಓದಿಬಿಡುತ್ತಾನೆ. ಅವನಿಗೆ ಎಲ್ಲರ ಮನೆ ವಿಷಯವೂ ಬೇಕು.

ಈ ವರ್ಷದ ಮೊದಲ ಎರಡು ಚಕ್ಕೋತ ನಿನಗೆ. ಪಂಪ್‌ಹೌಸ್ ಪಕ್ಕದ ಮರದ್ದು, ಅದರಷ್ಟು ಸಿಹಿ ತೋಟದಲ್ಲಿ ಬೇರೆ ಇಲ್ಲ. ಆಸೆಗೆ ಬಿದ್ದು ಇವತ್ತೇ ಕುಯ್ಯಬೇಡ. ಸಿಪ್ಪೆ ಸ್ವಲ್ಪ ಸುಕ್ಕಾಗುವ ತನಕ ನಾಲ್ಕು ದಿನ ಬಿಡು. ಆಮೇಲೆ ತೊಳೆಯ ಮೇಲಿನ ಬಿಳಿ ಪೊರೆ ಪೂರ್ತಿ ತೆಗೆದು ತಿನ್ನು.

ನಿನ್ನ ಆರೋಗ್ಯದ ವಿಷಯವನ್ನೆಲ್ಲ ಕಾಗದದಲ್ಲೇ ಬರಿ. ಫೋನಿನಲ್ಲಿ ನೀನು ಹೇಳುವುದು ಒಂದೂ ನನ್ನ ಕಿವಿಗೆ ಬೀಳುವುದಿಲ್ಲ. ನಿನ್ನ ಚಿಕ್ಕಪ್ಪ ಹತ್ತು ನಿಮಿಷ ಮಾತಾಡಿ, ಆಮೇಲೆ ನನ್ನ ಕಡೆ ತಿರುಗಿ "ಚೆನ್ನಾಗಿದಾಳಂತೆ!" ಎಂದು ಕೂಗುತ್ತಾನೆ. ಅಷ್ಟು ಹೇಳುವುದಕ್ಕೆ ಹತ್ತು ನಿಮಿಷ ಬೇಕಾ?

ಆಪರೇಷನ್ ಆಗಿ ಏಳು ತಿಂಗಳಾಯಿತು. ನನ್ನ ಮೂತ್ರಪಿಂಡ ನಿನ್ನ ಹೊಟ್ಟೆಯಲ್ಲಿ ಹೇಗೆ ಕೆಲಸ ಮಾಡುತ್ತಿದೆ? ಅರವತ್ತು ದಾಟಿದ ಸಾಮಾನು, ಸ್ವಲ್ಪ ಸೋಮಾರಿ ಇರಬಹುದು. ತಮಾಷೆಗೆ ಬರೆದೆ, ಆದರೆ ನನಗೆ ಹೆದರಿಕೆ ಇದೆ ಮಗಳೇ. ಸಾವಿರ ಗಿಡಕ್ಕೆ ಕಸಿ ಕಟ್ಟಿದವನು ನಾನು. ಹಸಿರಾಗಿ ಚಿಗುರಿದ ಕಸಿ ಏಳೆಂಟು ತಿಂಗಳ ಮೇಲೆ ಇದ್ದಕ್ಕಿದ್ದಂತೆ ಒಣಗಿದ್ದನ್ನು ನೋಡಿದ್ದೇನೆ.

ತಿನ್ನಬಾರದ್ದರ ಪಟ್ಟಿ ಗೋಡೆಗೆ ಅಂಟಿಸಿದ್ದೀಯಾ? ಆ ಪಟ್ಟಿಯಲ್ಲಿ ಗ್ರೇಪ್‌ಫ್ರೂಟ್ ಎಂಬ ಪರದೇಶದ ಹಣ್ಣಿನ ಹೆಸರು ಓದಿದಾಗ ನರ್ಸಮ್ಮನಿಗೆ ನಾನು ಹೇಳಿದ್ದು ನೆನಪಿದೆಯಾ? "ಆ ಕಹಿ ಜಾತಿಗೆ ನಮ್ಮ ಬೇಲಿ ಒಳಗೆ ಜಾಗ ಇಲ್ಲಮ್ಮಾ" ಅಂದಿದ್ದೆ. ಅವರು ನಕ್ಕು, "ಹಾಗಾದ್ರೆ ಯೋಚನೆ ಬಿಡಿ ಯಜಮಾನ್ರೇ, ಸಿಪ್ಪೆ ಸುಲಿಯೋ ಹಣ್ಣು ಬೇರೆ ಯಾವ್ದಾದ್ರೂ ತಿನ್ಲಿ" ಅಂದಿದ್ದರು. ಇದು ಸಿಪ್ಪೆ ಸುಲಿಯುವ ಹಣ್ಣು. ಹೊಟ್ಟೆ ತುಂಬ ತಿನ್ನು. ಇನ್ನಾದರೂ ಕಡ್ಡಿ ಎಂಬ ಹೆಸರು ಹೋಗಲಿ.

ಖಾಲಿ ಪೆಟ್ಟಿಗೆಯನ್ನು ಅದೇ ಬಸ್ಸಿಗೆ ಹಾಕು.

ನಿನ್ನ ಅಪ್ಪ


ಸೆಪ್ಟೆಂಬರ್ ೧೬

ಅಪ್ಪನಿಗೆ ನಮಸ್ಕಾರ.

ನಾಲ್ಕು ದಿನ ಬಿಡಲಿಲ್ಲ, ಎರಡೇ ದಿನ. ಬೈಯಬೇಡಿ. ಈ ಬಾಡಿಗೆ ಕೋಣೆಗೆ ಬಂದಾಗಿನಿಂದ ಇಲ್ಲಿ ಡೆಟಾಲಿನ ವಾಸನೆ ಬಿಟ್ಟು ಬೇರೆ ಇರಲಿಲ್ಲ. ಸಿಪ್ಪೆಗೆ ಚಾಕು ತಾಗಿಸಿದ ಕೂಡಲೇ ತೋಟ ಒಳಗೆ ಬಂತು. ಒಂದು ಹಣ್ಣನ್ನು ಒಬ್ಬಳೇ ಮುಗಿಸಿದೆ. ಇನ್ನೊಂದರಲ್ಲಿ ನಮ್ಮ ಹಲ್ಲಿನ ಅಂಗಡಿ ಮಾಲೀಕರಿಗೆ ಎರಡು ತೊಳೆ ಕೊಟ್ಟೆ. ಇಡೀ ಪೇಟೆಗೆ ಹಲ್ಲಿನ ಸೆಟ್ ಮಾಡಿಕೊಡುವ ಮನುಷ್ಯ, ಆದರೆ ಅವರ ಬಾಯಲ್ಲಿ ಹಲ್ಲಿಲ್ಲ. ಚೀಪಿ ಚೀಪಿ ತಿಂದು, "ಇಂಥಾ ಹಣ್ಣು ಬೆಳೆಯೋರ ಮಗಳು ಯಾಕಮ್ಮಾ ಇಷ್ಟು ಸಣ್ಣ?" ಎಂದು ಕೇಳಿದರು.

ಈ ತಿಂಗಳ ರಕ್ತ ಪರೀಕ್ಷೆ ಚೆನ್ನಾಗಿದೆ. ನಿಮ್ಮ ಆಸ್ತಿ ಸುಭದ್ರ. ಆದರೂ ರಿಪೋರ್ಟಿನ ಕವರ್ ಒಡೆಯುವಾಗ ಪ್ರತಿ ಸಲವೂ ಜೀವ ಬಾಯಿಗೆ ಬರುತ್ತದೆ. ಆ ಭಯ ಮಾತ್ರ ಅಭ್ಯಾಸ ಆಗಲಿಲ್ಲ.

ಮತ್ತೆ ಕೆಲಸಕ್ಕೆ ಕೂತಿದ್ದೇನೆ. ಮೇಣದಲ್ಲಿ ಹಲ್ಲು ಕೂರಿಸುವ ಸೂಕ್ಷ್ಮದ ಕೆಲಸವನ್ನು ನನಗೇ ಕೊಟ್ಟಿದ್ದಾರೆ. ಗುರುವಾರದ ಬಸ್ಸನ್ನು ಕಾಯುತ್ತಿರುತ್ತೇನೆ.

ನಿಮ್ಮ ಕಡ್ಡಿ


ಸೆಪ್ಟೆಂಬರ್ ೨೯

ಅಪ್ಪ,

ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಮುಚ್ಚಿಟ್ಟರೆ ನಿಮಗೆ ಗೊತ್ತಾಗಿಯೇ ಆಗುತ್ತದೆ, ಅಕ್ಷರ ನೋಡಿದರೆ ಸಾಕು.

ಕೈ ನಡುಗುತ್ತಿದೆ. ಚಮಚ ಹಿಡಿದರೆ ತಟ್ಟೆಗೆ ಬಡಿಯುತ್ತದೆ. ಮೊನ್ನೆ ಮುಂದಿನ ನಾಲ್ಕು ಹಲ್ಲು ಕೂರಿಸುವುದಕ್ಕೆ ಬೆಳಗ್ಗೆಯಿಂದ ಊಟದ ಹೊತ್ತಿನವರೆಗೆ ಹಿಡಿಯಿತು, ಆದರೂ ಸೊಟ್ಟ. ಮಾಲೀಕರು ಏನೂ ಅನ್ನದೆ ಮೇಣ ಕರಗಿಸಿ ತಾವೇ ಮಾಡಿದರು. ಬೈದಿದ್ದರೆ ವಾಸಿಯಿತ್ತು.

ನನ್ನ ಮೈ ನಿಮ್ಮ ಮೂತ್ರಪಿಂಡವನ್ನು ತಳ್ಳಿಹಾಕದ ಹಾಗೆ ದಿನಾ ನುಂಗುತ್ತೇನಲ್ಲ, ಆ ಮಾತ್ರೆಯ ಅಂಶ ರಕ್ತದಲ್ಲಿ ಇರಬೇಕಾದ್ದಕ್ಕಿಂತ ತುಂಬ ಹೆಚ್ಚಾಗಿದೆಯಂತೆ. ಹೀಗೇ ಮುಂದುವರಿದರೆ ಮೂತ್ರಪಿಂಡಕ್ಕೇ ಪೆಟ್ಟು. "ಮರೆತು ಎರಡು ಸಲ ತಗೋತಿದೀರಾ?" ಎಂದು ಡಾಕ್ಟರ್ ಕೇಳಿದರು. ಇಲ್ಲ ಅಂದೆ. "ಗಿಡಮೂಲಿಕೆ, ಕಷಾಯ, ಗ್ರೇಪ್‌ಫ್ರೂಟ್?" ಅಂದರು. ಅದಕ್ಕೆ ನಗು ಬಂತು. "ಆ ಹೆಸರು ಕೇಳಿದ್ರೆ ನಮ್ಮಪ್ಪ ಕೋಲು ತಗೋತಾರೆ ಸಾರ್" ಅಂದೆ. ಅವರು ನಗಲಿಲ್ಲ. ಮುಂದಿನ ವಾರ ಮತ್ತೆ ಪರೀಕ್ಷೆ.

ನಿಜವಾಗಿ ಮರೆತು ಎರಡು ಸಲ ನುಂಗುತ್ತಿದ್ದೇನಾ ಎಂದು ನನಗೇ ಅನುಮಾನ ಶುರುವಾಗಿದೆ. ಈಗ ಮಾತ್ರೆ ತೆಗೆದುಕೊಂಡಾಗಲೆಲ್ಲ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತೇನೆ. ಗೀಟು ಸರಿಯಾಗಿದೆ. ಹಾಗಾದರೆ ಏನಿದು?

ಬಾಯಿಗೆ ಏನೂ ರುಚಿಸುತ್ತಿಲ್ಲ. ನೀವು ಕಳಿಸಿದ ಹಣ್ಣು ಒಂದೇ ಸೇರುವುದು.

ಕಡ್ಡಿ


ಅಕ್ಟೋಬರ್ ೪, ಗುರುವಾರ

ಮಗಳೇ,

ನಿನ್ನ ಕಾಗದ ಓದಿದ ಕೂಡಲೇ ಚಿಕ್ಕಪ್ಪನ ಕೈಯಲ್ಲಿ ಫೋನ್ ಮಾಡಿಸಿದೆ. "ಪರವಾಗಿಲ್ವಂತೆ" ಅಂದ. ಅವನ ಮುಖ ನೋಡಿದರೆ ಪರವಾಗಿಲ್ಲ ಎಂದು ಅನಿಸಲಿಲ್ಲ.

ನಾಲ್ಕು ಹಣ್ಣು ಇಟ್ಟಿದ್ದೇನೆ. ಅದೊಂದೇ ಸೇರುವುದಾದರೆ ಅದನ್ನೇ ತಿನ್ನು. ಏನಾದರೂ ಹೊಟ್ಟೆಗೆ ಹೋಗಲಿ.

ಒಂದು ಮಾತು ನಿನಗೆ ಇದುವರೆಗೆ ಹೇಳಿಲ್ಲ. ಆಪರೇಷನ್ನಿಗೆ ಮುಂಚಿನ ವರ್ಷ ಬೇಸಿಗೆಯಲ್ಲಿ ನನ್ನ ಕಾಲು ಊದಿಕೊಂಡಿತ್ತು, ಎಂಟು ದಿನ. ನಿಂತು ನಿಂತು ಹೀಗಾಗಿದೆ ಅಂದುಕೊಂಡೆ. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿದರು, ನಾನು ಅದನ್ನು ಹೇಳಲಿಲ್ಲ. ಹೇಳಿದರೆ ಬೇಡ ಅಂದುಬಿಟ್ಟಾರು ಎಂಬ ಭಯ. ಕಸಿ ಒಣಗಿದರೆ ಬೇರಿಗೆ ಬೈಯಬಾರದು, ಕಟ್ಟಿದ ಕಡ್ಡಿಯನ್ನು ಮೊದಲು ನೋಡಬೇಕು ಎಂದು ಕೆಲಸದವರಿಗೆ ನಾನೇ ಹೇಳಿಕೊಡುತ್ತೇನೆ. ಕೆಟ್ಟದ್ದನ್ನು ಕೊಟ್ಟುಬಿಟ್ಟೆನಾ ನಿನಗೆ?

ಡಾಕ್ಟರಿಗೆ ಇದನ್ನು ಹೇಳು. ನನ್ನನ್ನು ಬೈದರೆ ಬೈಯಲಿ.

ಅಪ್ಪ


ಅಕ್ಟೋಬರ್ ೨೨

ಅಪ್ಪನಿಗೆ,

ಸೇತುವೆ ರಿಪೇರಿಗೆಂದು ಬಸ್ಸು ನಿಂತು ಎರಡು ಗುರುವಾರ ನಿಮ್ಮ ಪೆಟ್ಟಿಗೆ ಇಲ್ಲ. ಹಾಗಾಗಿ ಇದನ್ನು ಅಂಚೆಗೆ ಹಾಕುತ್ತಿದ್ದೇನೆ.

ಒಳ್ಳೆಯ ಸುದ್ದಿ. ಮಾತ್ರೆಯ ಅಂಶ ಇಳಿದಿದೆ! ಕೈಯೂ ಹತೋಟಿಗೆ ಬಂದಿದೆ. ನಿನ್ನೆ ಒಂದು ಪೂರ್ತಿ ಸೆಟ್ ಮುಗಿಸಿದೆ, ಮಾಲೀಕರು ಕನ್ನಡಕ ಏರಿಸಿ ನೋಡಿ, "ಇದನ್ನ ನಾನೇ ಹಾಕ್ಕೋತೀನಿ ಬಿಡು" ಅಂದರು. ಡಾಕ್ಟರಿಗೂ ಕಾರಣ ಗೊತ್ತಿಲ್ಲ. "ನೋಡೋಣ" ಅಂದರು. ನಿಮ್ಮ ಕಾಲಿನ ವಿಷಯ ಹೇಳಿದೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲವಂತೆ. ನೀವು ಕೊಟ್ಟದ್ದು ಚಿನ್ನದಂಥ ಮೂತ್ರಪಿಂಡ ಎಂದು ಅವರದೇ ಮಾತು. ಇನ್ನು ಸುಮ್ಮನೆ ಕೊರಗಬೇಡಿ.

ಬಸ್ಸು ಯಾವಾಗ ಬಿಡುತ್ತಾರೆ? ಹಣ್ಣಿಲ್ಲದೆ ಕೋಣೆ ಬಿಕೋ ಅನ್ನುತ್ತಿದೆ.

ನಿಮ್ಮ ಕಡ್ಡಿ


ಅಕ್ಟೋಬರ್ ೨೫, ಗುರುವಾರ

ಕಡ್ಡಿ,

ಬಸ್ಸು ಬಂತು! ಎರಡು ವಾರದ ಬಾಕಿಯೂ ಸೇರಿ ಆರು ಹಣ್ಣು. ಪೆಟ್ಟಿಗೆ ಮುಚ್ಚಲಿಲ್ಲ, ಹಗ್ಗ ಕಟ್ಟಿದ್ದೇನೆ. ಇನ್ನು ಸುಗ್ಗಿ ಮುಗಿಯುವ ತನಕ ವಾರ ವಾರವೂ ಆರು. ಚಿನ್ನದಂಥದ್ದು ಅಂದರಾ ಡಾಕ್ಟರು? ಚಿಕ್ಕಪ್ಪನಿಗೆ ಆ ಸಾಲು ಮೂರು ಸಲ ಓದಿ ಹೇಳಿದೆ. "ಸಾಕು ಬಿಡಣ್ಣಾ, ನನಗೆ ಕಿವಿ ಕೇಳ್ಸುತ್ತೆ" ಅಂದ.

ಒಂದೂ ಬಿಡದೆ ತಿನ್ನು. ಬಣ್ಣ ಬರಲಿ ಮುಖಕ್ಕೆ.

ಅಪ್ಪ


ನವೆಂಬರ್ ೯

ಅಪ್ಪ,

ಅಕ್ಷರ ಕ್ಷಮಿಸಿ. ಎಡಗೈಯಲ್ಲಿ ಬಲಗೈ ಹಿಡಿದು ಬರೆಯುತ್ತಿದ್ದೇನೆ.

ಮತ್ತೆ ಏರಿದೆ, ಹಿಂದಿಗಿಂತ ಜಾಸ್ತಿ. ಈ ಸಲ ಮೂತ್ರಪಿಂಡದ ಪರೀಕ್ಷೆಯೂ ಕೆಟ್ಟಿದೆ. ತಲೆ ಸಿಡಿಯುತ್ತದೆ. ನಿನ್ನೆ ಅಂಗಡಿಯಲ್ಲಿ ಸಿದ್ಧವಾಗಿದ್ದ ಸೆಟ್ ಕೈಜಾರಿ ಬಿದ್ದು ಎರಡು ಹೋಳಾಯಿತು. ಸೋಮವಾರ ಆಸ್ಪತ್ರೆಗೆ ಸೇರಬೇಕು. ಸೂಜಿ ಹಾಕಿ ಮೂತ್ರಪಿಂಡದ ಚೂರು ತೆಗೆದು ನೋಡುತ್ತಾರಂತೆ. "ಉಳಿಸ್ಕೊಳ್ಳೋಕೆ ನೋಡ್ತೀವಿ" ಅಂದರು. ಉಳಿಸಿಕೊಳ್ಳುತ್ತೇವೆ ಎಂದು ಹೇಳಲಿಲ್ಲ.

ಮಾತ್ರೆ ಎಣಿಸಿದೆ, ಸರಿಯಾಗಿದೆ. ಕೆಳಗಿನ ಮನೆಯಮ್ಮನ ಎದುರಲ್ಲೇ ನುಂಗುತ್ತಿದ್ದೇನೆ. ನನ್ನ ತಪ್ಪು ಎಲ್ಲಿದೆ ಎಂದು ತಿಳಿಯುತ್ತಿಲ್ಲ. ಭಯ ಆಗುತ್ತದೆ ಅಪ್ಪ. ಭಯವಾದಾಗಲೆಲ್ಲ ಒಂದು ಹಣ್ಣು ಸುಲಿಯುತ್ತಾ ಕೂರುತ್ತೇನೆ. ಪೊರೆ ಬಿಡಿಸುವಷ್ಟು ಹೊತ್ತು ನಮ್ಮ ತೋಟದಲ್ಲೇ ಇದ್ದ ಹಾಗಿರುತ್ತದೆ. ಹೋದ ವಾರದ ಆರೂ ಮುಗಿಯಿತು. ನಿನ್ನೆಯ ಪೆಟ್ಟಿಗೆಯನ್ನು ಅಂಗಡಿಯಿಂದ ಕೋಣೆಗೆ ತರಲು ಶಕ್ತಿ ಇರಲಿಲ್ಲ, ಅಲ್ಲೇ ಇದೆ.

ನಿಮ್ಮದನ್ನು ಕಳೆದುಕೊಂಡರೆ ನಿಮಗೆ ಹೇಗೆ ಮುಖ ತೋರಿಸಲಿ?

ಕಡ್ಡಿ


ನವೆಂಬರ್ ೧೨, ಸೋಮವಾರ, ಬೆಳಗ್ಗೆ

ಕಡ್ಡಿ, ಹಣ್ಣು ತಿನ್ನಬೇಡ. ಒಂದು ತೊಳೆಯನ್ನೂ ತಿನ್ನಬೇಡ.

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆ. ನಾನೇ ಬರುತ್ತಿದ್ದೇನೆ. ಸುಮ್ಮನೆ ಕೂರಲು ಆಗದೆ ಬರೆಯುತ್ತಿದ್ದೇನೆ. ನೀನು ಸಿಗದಿದ್ದರೆ ಇದನ್ನು ನಿನ್ನ ಕೋಣೆಯ ಬಾಗಿಲಡಿ ತೂರಿಸುತ್ತೇನೆ.

ನಿನ್ನ ಕಾಗದ ಬಂದಾಗ ಹಣ್ಣು ತುಂಬುವ ಶೆಡ್ಡಿನಲ್ಲಿದ್ದೆ. ಓದಿದೆ. ಹಳೆಯ ಕಾಗದಗಳನ್ನೂ ತಂದು ಮೇಜಿನ ಮೇಲೆ ಸಾಲಾಗಿ ಹರಡಿದೆ, ಯಾವಾಗ ಶುರುವಾಯಿತು ಎಂದು ನೋಡುವುದಕ್ಕೆ. ಮೊದಲಿನದರಲ್ಲಿ ಅಕ್ಷರ ನೆಟ್ಟಗಿದೆ. ಆಮೇಲಿನದರಲ್ಲಿ ನಡುಗಿದೆ. ಅಕ್ಟೋಬರ್ ೨೨ರದ್ದರಲ್ಲಿ ಮತ್ತೆ ಮುತ್ತು ಪೋಣಿಸಿದ ಹಾಗಿದೆ. ಈಗಿನದು ಓದಲಾಗದಷ್ಟು ಕೆಟ್ಟಿದೆ. ಶೆಡ್ಡಿನ ಗೋಡೆಯಲ್ಲಿ ಪ್ರತಿ ಗುರುವಾರ ನಿನಗೆ ಎಷ್ಟು ಹಣ್ಣು ಎಂದು ನಾನು ಸೀಮೆಸುಣ್ಣದಲ್ಲಿ ಗೀಟು ಹಾಕಿರುತ್ತೇನೆ. ತಲೆ ಎತ್ತಿದರೆ ಗೋಡೆ ಎದುರಿಗೇ ಇತ್ತು. ಎರಡು. ಎರಡು. ಎರಡು. ಎರಡು. ನಾಲ್ಕು. ಆಮೇಲೆ ಎರಡು ವಾರ ಗೀಟೇ ಇಲ್ಲ. ಆಮೇಲೆ ಆರು, ಆರು, ಆರು.

ಗೀಟು ಇಲ್ಲದ ಎರಡು ವಾರದಲ್ಲಿ ಮಾತ್ರ ನಿನ್ನ ಕೈ ನೆಟ್ಟಗಾಗಿದೆ.

ಮಗಳೇ, ನನಗೆ ಗೊತ್ತಿತ್ತು. ಆ ಗ್ರೇಪ್‌ಫ್ರೂಟ್ ಬೇರೆ ಯಾವುದೂ ಅಲ್ಲ, ನಮ್ಮ ಚಕ್ಕೋತದ್ದೇ ಸಂತಾನ, ಕಿತ್ತಳೆ ಜೊತೆ ಬೆರೆತು ಹುಟ್ಟಿದ್ದು. ನನ್ನ ಅಪ್ಪ ನನಗೆ ಹೇಳಿಕೊಟ್ಟಿದ್ದರು. ವ್ಯಾಪಾರಿಗಳು ನಮ್ಮ ಹಣ್ಣನ್ನು ಆ ಹೆಸರಲ್ಲಿ ಕರೆದಾಗಲೆಲ್ಲ ಜಗಳ ಆಡಿ ಆಡಿ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದು ನಲವತ್ತು ವರ್ಷ ಹೇಳಿದೆ. ಹೇಳಿ ಹೇಳಿ ನಾನೇ ನಂಬಿದೆ. ಆ ನರ್ಸಮ್ಮನಿಗೆ "ನಮ್ಮದು ಚಕ್ಕೋತ, ತಿನ್ನಬಹುದಾ?" ಎಂದು ಒಂದು ಮಾತು ಕೇಳಿದ್ದರೆ ಆಗಿತ್ತು. ಜಂಬ ಬಿಡಲಿಲ್ಲ. ನಿನಗೆ ಹುಷಾರಿಲ್ಲ ಅಂದಷ್ಟೂ ಹೆಚ್ಚು ಹೆಚ್ಚು ಕಳಿಸಿದೆ.

ಚಿಕ್ಕಪ್ಪ ಲೋಡು ಹಾಕಿಕೊಂಡು ಮಾರುಕಟ್ಟೆಗೆ ಹೋಗಿದ್ದಾನೆ, ಫೋನ್ ಮಾಡಿಕೊಡುವವರು ಯಾರೂ ಇಲ್ಲ. ನಾನೇ ಮಾಡಿದೆ. ರಿಂಗ್ ಆಗುತ್ತಿದೆಯೋ, ನೀನು ಎತ್ತಿದೆಯೋ, ಒಂದೂ ಕೇಳಿಸಲಿಲ್ಲ. ಸುಮ್ಮನೆ ಅದರೊಳಗೆ "ಹಣ್ಣು ತಿನ್ಬೇಡ! ಚಕ್ಕೋತ ತಿನ್ಬೇಡ! ಡಾಕ್ಟರಿಗೆ ಹೇಳು!" ಎಂದು ಕೂಗಿದೆ. ಮೂರು ಸಲ ಮಾಡಿ ಮೂರು ಸಲ ಕೂಗಿದೆ. ಆ ಕಡೆ ಯಾರಾದರೂ ಇದ್ದರೋ ಇಲ್ಲವೋ.

ಬಸ್ಸಿನ ಹೊತ್ತಾಯಿತು.

ಅಪ್ಪ


ಡಿಸೆಂಬರ್ ೩

ಅಪ್ಪನಿಗೆ ನಮಸ್ಕಾರ.

ನೀವು ಊರಿಗೆ ಹೋಗಿ ಹನ್ನೆರಡು ದಿನವಾಯಿತು. ಒಂದು ಸಾಲೂ ಇಲ್ಲ. ಆಸ್ಪತ್ರೆಯಲ್ಲಿ ನನ್ನ ಮಂಚದ ಪಕ್ಕ ಕೂತಿದ್ದಾಗಲೂ ನೀವು ಮಾತಾಡಲಿಲ್ಲ, ನನ್ನ ಬಲಗೈ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದಿರಿ. ಆಗ ಹೇಳಲಾಗದ್ದನ್ನು ಈಗ ಬರೆಯುತ್ತೇನೆ.

ನೀವು ಕೂಗಿದಾಗ ಆ ಕಡೆ ಮಾಲೀಕರಿದ್ದರು. ಶನಿವಾರ ರಜೆ ಕೇಳಲು ಹೋಗಿ ಫೋನನ್ನು ಅಂಗಡಿಯಲ್ಲೇ ಮರೆತಿದ್ದೆ. ಅವರು ನಿಮ್ಮದೇ ಪೆಟ್ಟಿಗೆಯಿಂದ ಒಂದು ಹಣ್ಣು ಸುಲಿದು ಬಾಯಿಗೆ ಹಾಕುತ್ತಿದ್ದರಂತೆ. ಫೋನ್ ಎತ್ತಿದರೆ ಯಾರೋ "ತಿನ್ಬೇಡ!" ಎಂದು ಗದರಿಸಿದರು. ಗಾಬರಿಯಾಗಿ ಉಗುಳಿಬಿಟ್ಟರಂತೆ. ಎರಡನೆಯ ಸಲಕ್ಕೆ ಡಾಕ್ಟರ್ ಎಂಬ ಮಾತು ಕೇಳಿ ಅಂಗಡಿ ಬಾಗಿಲು ಹಾಕಿ, ಸುಲಿದ ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿಬಂದರು. ಡಾಕ್ಟರ್ ಆ ಹಣ್ಣನ್ನು ನೋಡಿ ನನ್ನ ಕಡೆ ತಿರುಗಿ, "ಇದನ್ನ ದಿನಕ್ಕೆಷ್ಟು ತಿಂತಿದ್ರಿ?" ಎಂದು ಮೆಲ್ಲಗೆ ಕೇಳಿದರು. ಮೈಯೊಳಗೆ ಆ ಮಾತ್ರೆ ಕರಗಿಹೋಗುವುದನ್ನು ಈ ಹಣ್ಣು ತಡೆಯುತ್ತದಂತೆ. ಒಂದು ನುಂಗಿದರೂ ಎರಡು ಮೂರು ನುಂಗಿದ ಹಾಗೆ.

ನಿನ್ನೆಯ ರಿಪೋರ್ಟ್ ಬಂತು. ಮೂತ್ರಪಿಂಡ ಉಳಿದಿದೆ. ಮೊದಲಿನಷ್ಟು ಚೆನ್ನಾಗಿಲ್ಲ, ಸ್ವಲ್ಪ ಪೆಟ್ಟು ತಿಂದಿದೆ, ಆದರೆ ಕೆಲಸ ಮಾಡುತ್ತಿದೆ. ಇನ್ನು ಜೋಪಾನ ಮಾಡಿದರೆ ವರ್ಷಗಟ್ಟಲೆ ಬಾಳುತ್ತದಂತೆ.

ಡಾಕ್ಟರ್ ಕೇಳಿದಾಗ ನಕ್ಕವಳು ನಾನು. ತಪ್ಪನ್ನೆಲ್ಲ ನೀವೊಬ್ಬರೇ ಹೊತ್ತುಕೊಂಡು ಹೋಗಬೇಡಿ. ನೋಡಿ, ಅಕ್ಷರ ನೆಟ್ಟಗಿದೆ.

ಗುರುವಾರ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಪೆಟ್ಟಿಗೆ ಇರಲಿಲ್ಲ. ಹಣ್ಣು ಬೇಡ, ಕಾಗದ ಬೇಕು.

ಕಡ್ಡಿ


ಡಿಸೆಂಬರ್ ೨೦, ಗುರುವಾರ

ಮಗಳೇ,

ಪೆಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಈ ಕಾಗದ ಮಾತ್ರ ಇದೆ. ಖಾಲಿ ಪೆಟ್ಟಿಗೆಗೆ ಹಗ್ಗ ಕಟ್ಟಲು ಕೈ ಬರುತ್ತಿರಲಿಲ್ಲ, ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ.

ಇಲ್ಲಿ ಒಂದು ರಾಮಾಯಣ ಆಗಿದೆ. ನಿನ್ನನ್ನು ಬಿಟ್ಟು ಬರುವಾಗ ಬಸ್ಸಿನಲ್ಲಿ ಪಕ್ಕದ ಮುದುಕಿ ಚೀಲದಿಂದ ಮಾತ್ರೆ ಡಬ್ಬಿ ತೆಗೆದರು. ಬಿಪಿಯದ್ದೋ ಎದೆಯದ್ದೋ. ಅದೇ ಚೀಲದಲ್ಲಿ ಒಂದು ಚಕ್ಕೋತ ಇತ್ತು. ನಮ್ಮದಲ್ಲ ಇರಬಹುದು. ಆದರೆ ನಮ್ಮದೂ ಹೀಗೇ ಯಾರದೋ ಚೀಲದಲ್ಲಿ ಇರುತ್ತದಲ್ಲ? ನಿನಗೆ ಅಕ್ಷರ ನೋಡುವ ಅಪ್ಪ ಇದ್ದ. ಅವರಿಗೆ ಯಾರು?

ಆ ಹೆಂಗಸಿಗೆ ಡಾಕ್ಟರನ್ನು ಕೇಳಿ ತಿನ್ನಿ ಅಂದೆ. ಮನೆಗೆ ಬಂದು ಚೀಟಿ ಬರೆಯಲು ಕೂತೆ. ಈಗ ತೋಟದಿಂದ ಹೋಗುವ ಪ್ರತಿ ಹಣ್ಣಿಗೂ ಒಂದು ಚೀಟಿ ಅಂಟಿಸುತ್ತಿದ್ದೇನೆ. ಹೀಗಿದೆ ನೋಡು:

"ಈ ಚಕ್ಕೋತ ಗ್ರೇಪ್‌ಫ್ರೂಟ್‌ನ ಹತ್ತಿರದ ಸಂಬಂಧಿ. ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ ತಿನ್ನಿ."

ಮೊದಲ ಸಾಲು ಬರೆಯಲು ಒಂದು ಬೆಳಗ್ಗೆ ಪೂರ್ತಿ ಹಿಡಿಯಿತು. ಚಿಕ್ಕಪ್ಪ ಬಾಯಿ ಬಡಿದುಕೊಂಡ. "ಅಣ್ಣಾ, ನಿನಗೇನು ತಲೆ ಕೆಟ್ಟಿದ್ಯಾ? ಹಣ್ಣಿನ ಮೇಲೆ ಹೆದರಿಕೆ ಅಂಟಿಸಿ ಮಾರ್ತಾರಾ ಯಾರಾದ್ರೂ?" ಅಂದ. ನಮ್ಮ ದೊಡ್ಡ ವ್ಯಾಪಾರಿ ಲೋಡು ವಾಪಸ್ ಕಳಿಸಿದ. ಹಣ್ಣು ಶೆಡ್ಡಿನಲ್ಲಿ ಬಿದ್ದಿದೆ. ನಾನು ಚೀಟಿ ಕಿತ್ತಿಲ್ಲ. ನಿನ್ನೆ ನೋಡಿದರೆ ಚಿಕ್ಕಪ್ಪನೇ ಸಣ್ಣ ವ್ಯಾಪಾರಿಯೊಬ್ಬನನ್ನು ಕರೆತಂದು ಚೀಟಿ ಸಮೇತ ಲಾರಿಗೆ ತುಂಬಿಸುತ್ತಿದ್ದ. ನನ್ನ ಮುಖ ನೋಡಲಿಲ್ಲ.

ಬರೆದು ಬರೆದು ನನ್ನ ಬೆರಳು ಮರಗಟ್ಟಿದೆ. ಇನ್ನೂ ಐನೂರು ಹಣ್ಣು ಮರದಲ್ಲಿದೆ.

ಅಪ್ಪ


ಡಿಸೆಂಬರ್ ೨೭

ಅಪ್ಪ,

ನಿಮ್ಮ ಚೀಟಿಯನ್ನು ಮಾಲೀಕರಿಗೆ ಓದಿ ಹೇಳಿದೆ. ಅವರು ತಾವು ದಿನಾ ನುಂಗುವ ಮಾತ್ರೆಗಳ ಹೆಸರು ಬರೆದುಕೊಂಡು ಡಾಕ್ಟರ ಹತ್ತಿರ ಹೋಗಿದ್ದಾರೆ.

ಖಾಲಿ ಚೀಟಿಗಳನ್ನು ಪೆಟ್ಟಿಗೆಯಲ್ಲಿ ಹಾಕಿ ಕಳಿಸಿ. ನಾನು ಬರೆಯುತ್ತೇನೆ. ನನ್ನ ಕೈಗೂ ಅಭ್ಯಾಸವಾಗುತ್ತದೆ, ನಿಮಗೂ ವಾರ ವಾರ ನನ್ನ ಅಕ್ಷರ ನೋಡಲು ಸಿಗುತ್ತದೆ.

ಕಡ್ಡಿ


ಜನವರಿ ೧೦, ಗುರುವಾರ

ಕಡ್ಡಿ,

ಇನ್ನೂರು ಚೀಟಿ ಬಂತು. ಅಂಟಿಸುವ ಮುಂಚೆ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ ನೋಡಿದೆ. ನೂರೆಂಬತ್ತು ಚೆನ್ನಾಗಿವೆ. ಕೊನೆಯ ಇಪ್ಪತ್ತರಲ್ಲಿ ಅಕ್ಷರ ಬಲಕ್ಕೆ ವಾಲಿದೆ. "ಡಾಕ್ಟರ್" ಎಂಬಲ್ಲಿ ಗೆರೆ ನಡುಗಿದ ಹಾಗಿದೆ. ಕೈ ನಡುಗಿತಾ? ಏನು ತಿಂದೆ? ನಿಜ ಬರಿ. ಆ ಇಪ್ಪತ್ತನ್ನು ಅಂಟಿಸದೆ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ, ಕೂತಲ್ಲಿ ನಿಂತಲ್ಲಿ ತೆಗೆದು ನೋಡುತ್ತಿದ್ದೇನೆ. ಊಟ ಸೇರುತ್ತಿಲ್ಲ. ಬೇಗ ಬರಿ.

ಅಪ್ಪ


ಜನವರಿ ೧೨

ಅಪ್ಪ,

ಆ ಇಪ್ಪತ್ತನ್ನು ರಕ್ತ ಪರೀಕ್ಷೆಯ ಸಾಲಿನಲ್ಲಿ ಕಾಯುತ್ತಾ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ತೊಡೆಯ ಮೇಲಿಟ್ಟುಕೊಂಡು ಬರೆದೆ. ಅಷ್ಟೇ. ಪರೀಕ್ಷೆ ಸರಿಯಾಗಿದೆ, ರಿಪೋರ್ಟ್ ಇದರ ಜೊತೆಗಿದೆ, ಚಿಕ್ಕಪ್ಪನ ಕೈಯಲ್ಲಿ ಓದಿಸಿಕೊಳ್ಳಿ.

ನಿಮ್ಮ ಕಾಗದ ಓದಿ ನಾನೂ ಹೆದರಿದೆ. ಕಿಟಕಿಯ ಬೆಳಕಿಗೆ ಎರಡೂ ಕೈ ಚಾಚಿ ತುಂಬ ಹೊತ್ತು ನೋಡಿದೆ. ಅಲುಗಲಿಲ್ಲ. ಈ ಹೆದರಿಕೆ ಇನ್ನು ನಮ್ಮಿಬ್ಬರ ಜೊತೆಗೇ ಇರುತ್ತದೆ ಎಂದು ಕಾಣುತ್ತದೆ, ಇರಲಿ ಬಿಡಿ.

ಆ ಇಪ್ಪತ್ತನ್ನು ಜೇಬಿನಿಂದ ತೆಗೆದು ಹಣ್ಣಿಗೆ ಅಂಟಿಸಿ. ಇನ್ನು ಮುನ್ನೂರು ಖಾಲಿ ಚೀಟಿ ಕಳಿಸಿ. ಈ ಸಲ ಮೇಜಿನ ಮೇಲಿಟ್ಟು ಬರೆಯುತ್ತೇನೆ.

ನಿಮ್ಮ ಕಡ್ಡಿ